ಸಿಂಗಾರ ಒಡೆಯುವ ಕಾಲಕ್ಕೆ ತೋಟಕ್ಕಿಳಿದವರಿಗೆ

ಕೊನೆಕೊಯ್ಲು ಮುಗಿದಿರುತ್ತದೆ. ರಾಶಿ ಅಡಿಕೆ ಬೇಯಿಸಿದ ಹಂಡೆ ತೊಳೆದು ಬೋರಲು ಹಾಕಿರುತ್ತದೆ. ಅಂಗಳದಲ್ಲಿ ಚಾಲಿಗೆ ಹರವಿದ ಹಣ್ಣಡಿಕೆ ನಲವತ್ತು ಬಿಸಿಲು ಕಾಣಲು ಬಿದ್ದುಕೊಂಡಿರುತ್ತದೆ. ಇನ್ನೇನು, ಮಳೆಗಾಲದವರೆಗೆ ತೋಟದಲ್ಲಿ ಕೆಲಸವಿಲ್ಲ ಎಂದು ಹೊಸದಾಗಿ ಅಡಿಕೆ ಕೃಷಿಗೆ ಇಳಿದವರಿಗೆ ಅನ್ನಿಸುವುದು ಈ ಹೊತ್ತಿನಲ್ಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ಅನಿಸಿಕೆಯಿಂದ ಆಗುವ ನಷ್ಟ ಕೊಳೆರೋಗದ ನಷ್ಟಕ್ಕೆ ಕಡಿಮೆಯೇನಲ್ಲ ಎಂಬುದು ನನ್ನ ನಂಬಿಕೆ. ಕೊಳೆ ಕಣ್ಣಿಗೆ ಕಾಣುತ್ತದೆ, ಬುಟ್ಟಿಗಟ್ಟಲೆ ಕಾಯಿ ಬುಡದಲ್ಲಿ ಬಿದ್ದು ಎದೆ ಒಡೆಯುತ್ತದೆ. ಶಿವರಾತ್ರಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ ಆಗುವ ನಷ್ಟ ಹಾಗಲ್ಲ. ಕಾಯಿ ಕಟ್ಟಲೇ ಇಲ್ಲದ ಮರದಲ್ಲಿ ಎಷ್ಟು ಕಟ್ಟಬೇಕಿತ್ತು ಎಂದು ಲೆಕ್ಕ ಹಾಕುವವರು ಯಾರು?

ಕಳೆದ ಕೆಲವು ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಹೊಸಬರ ಸಂಖ್ಯೆ ಹೆಚ್ಚಿದೆ. 2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದವರಲ್ಲಿ ಕೆಲವರು ಮರಳಿ ಹೋಗಲಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಬಂದು ತೋಟದ ಜವಾಬ್ದಾರಿಯನ್ನೂ ಹೊತ್ತವರಿದ್ದಾರೆ. ಮಕ್ಕಳು ದೂರದೂರಿನಲ್ಲಿ ನೆಲೆಸಿದ ಮೇಲೆ ಗಂಡನ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಹೆಂಗಸರಿದ್ದಾರೆ. ಅವರು ಹುಟ್ಟಿ ಬೆಳೆದದ್ದು ತೋಟದ ನಡುವೆಯೇ ಆದರೂ ತೋಟದ ಲೆಕ್ಕಾಚಾರ ಅವರ ಕೈಗೆ ಬಂದಿರಲಿಲ್ಲ. ಈ ಬರಹ ಅವರಿಗಾಗಿ.

ಮೊದಲು ಕೈಗೆ ಬಂದ ಆಸ್ತಿಯ ಬೆಲೆ ತಿಳಿದಿರಲಿ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅಡಿಕೆಯ ಕ್ಷೇತ್ರದಲ್ಲಿ ಈ ಮಾನ್ಯತೆ ಮೊದಲು ಬಂದದ್ದು ಇಲ್ಲಿಗೇ. ಚಪ್ಪಟೆಯಾಗಿ ದುಂಡಗಿರುವ ಆಕಾರ, ಕತ್ತರಿಸಿದಾಗ ಕಾಣುವ ಒಳಮೈ, ಕಹಿ ಸಿಹಿ ಬೆರೆತ ರುಚಿ ಇವೆಲ್ಲ ಈ ಮಣ್ಣಿನ ಗುಣ ಎಂದು ಅದು ಒಪ್ಪಿಕೊಂಡಿದೆ. ಇದರ ಹಿಂದೆ ಇದ್ದದ್ದು 1923ರಲ್ಲಿ ಶಿರಸಿಯಲ್ಲಿ ಆರಂಭವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಮ್ಮೆಲ್ಲರ ಬಾಯಲ್ಲಿ ಟಿಎಸ್ಎಸ್. ದಲ್ಲಾಳಿಯ ಮರ್ಜಿಗೆ ಬಿದ್ದಿದ್ದ ಬೆಳೆಗಾರ ತನ್ನ ಮಾಲನ್ನು ತನ್ನದೇ ಸಂಘದ ಅಂಗಳದಲ್ಲಿ ಟೆಂಡರಿಗೆ ಇಡುವಂತಾದದ್ದು ಇಂಥ ಸಂಘಗಳಿಂದ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಯಲ್ಲಾಪುರದ ಅಪಿ ಎಂದು ಇಲ್ಲಿನ ಮಾರುಕಟ್ಟೆ ಅಡಿಕೆಯನ್ನು ಎಷ್ಟು ಸೂಕ್ಷ್ಮವಾಗಿ ವಿಂಗಡಿಸುತ್ತದೆ ಎಂದರೆ, ಕೊಯ್ಲು ನಾಲ್ಕು ದಿನ ತಡವಾದರೆ ಮಾಲಿನ ಹೆಸರೇ ಬದಲಾಗುತ್ತದೆ, ಬೆಲೆಯೂ ಬದಲಾಗುತ್ತದೆ. ಹೊಸಬರ ಗಮನವೆಲ್ಲ ಈ ದರದ ಪಟ್ಟಿಯ ಮೇಲೆ ನೆಟ್ಟಿರುತ್ತದೆ. ತಪ್ಪಲ್ಲ. ಆದರೆ ದರ ನಮ್ಮ ಕೈಯಲ್ಲಿಲ್ಲ, ಸಿಂಗಾರ ಸ್ವಲ್ಪಮಟ್ಟಿಗೆ ಇದೆ.

ಅಡಿಕೆ ಮರದಲ್ಲಿ ಒಂದು ಸೋಗೆಗೆ ಒಂದು ಸಿಂಗಾರ. ಆರೋಗ್ಯವಾಗಿರುವ ಮರದ ತಲೆಯಲ್ಲಿ ಎಂಟರಿಂದ ಹನ್ನೆರಡು ಸೋಗೆ ಇರುತ್ತವೆ. ಪ್ರತಿಯೊಂದರ ಕಂಕುಳಲ್ಲೂ ಒಂದೊಂದು ಹೂಗೊಂಚಲು ಮೊಳೆಯುವ ಅವಕಾಶವಿದೆ. ಕೆಳಗಿನ ಸೋಗೆ ಹಣ್ಣಾಗಿ ಹಾಳೆಯ ಸಮೇತ ಕಳಚಿ ಬಿದ್ದಾಗ, ಅದು ಅಪ್ಪಿಕೊಂಡಿದ್ದ ಹೊಂಬಾಳೆ ಹೊರಗೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಅದರ ಹೊದಿಕೆ ಸೀಳಿ ಬೆಣ್ಣೆ ಬಣ್ಣದ ಸಿಂಗಾರ ಬಿಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಶುರುವಾಗುವ ಈ ಕೆಲಸ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಭರದಿಂದ ಸಾಗುತ್ತದೆ. ಈಗ ಒಡೆಯುವ ಈ ಗೊಂಚಲಿನ ಮೊಳಕೆ ಮರದೊಳಗೆ ಮೂಡಿದ್ದು ಇವತ್ತು ನಿನ್ನೆಯಲ್ಲ, ಸುಮಾರು ಎರಡು ವರ್ಷದ ಹಿಂದೆ. ಅಂದರೆ ಈ ವರ್ಷ ಬುಡ ಒಣಗಿಸಿದರೆ ಬರುವ ವರ್ಷದ ಫಸಲು ಮಾತ್ರವಲ್ಲ, ಅದರಾಚೆಯ ವರ್ಷದ್ದೂ ಸೊರಗುತ್ತದೆ. ಒಂದು ಬರಗಾಲದ ಪೆಟ್ಟಿನಿಂದ ತೋಟ ಚೇತರಿಸಿಕೊಳ್ಳಲು ಎರಡು ಮೂರು ವರ್ಷ ಬೇಕು ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಇರುವುದು ಮರದ ಈ ಸ್ವಭಾವ.

ಸಿಂಗಾರವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮದುವೆ, ಉಪನಯನ, ನಾಗರಪೂಜೆಗೆ ತರುವಾಗ ಅಂದ ನೋಡುತ್ತೇವೆ, ಒಳರಚನೆ ನೋಡುವುದಿಲ್ಲ. ಎಳೆಗಳ ತುದಿಯುದ್ದಕ್ಕೂ ಅಕ್ಕಿಕಾಳಿನಂತೆ ಅಂಟಿಕೊಂಡಿರುವ ಸಾವಿರಾರು ಹೂಗಳು ಗಂಡು. ಎಳೆಯ ಬುಡದಲ್ಲಿ, ದಪ್ಪಗೆ, ಹಸಿರು ಮಿಶ್ರಿತ ಬಿಳಿ ಬಣ್ಣದಲ್ಲಿ ಕೂತಿರುವ ಕೆಲವು ನೂರು ಹೂಗಳು ಹೆಣ್ಣು. ಮೊದಲು ಅರಳುವುದು ಗಂಡು ಹೂಗಳು. ವಾರಗಟ್ಟಲೆ ಅರಳಿ ಉದುರಿ ಅವು ಮುಗಿದ ಮೇಲೆ, ನಡುವೆ ಕೆಲವು ದಿನ ಬಿಟ್ಟು, ಹೆಣ್ಣು ಹೂ ಬಾಯಿ ತೆರೆಯುತ್ತದೆ. ಹಾಗಾಗಿ ಒಂದು ಗೊಂಚಲಿನ ಪರಾಗ ಅದೇ ಗೊಂಚಲಿಗೆ ಸಾಮಾನ್ಯವಾಗಿ ಒದಗುವುದಿಲ್ಲ. ಪಕ್ಕದ ಮರದಿಂದ ಬರಬೇಕು. ತರುವುದು ಮುಖ್ಯವಾಗಿ ಗಾಳಿ. ಜೇನು ಪರಾಗಕ್ಕಾಗಿ ಗಂಡು ಹೂವಿಗೆ ಮುಗಿಬೀಳುತ್ತದೆ ನಿಜ, ಆದರೆ ಅಡಿಕೆ ನೆಚ್ಚಿಕೊಂಡಿರುವುದು ಗಾಳಿಯನ್ನೇ. ಬುಡದಲ್ಲಿ ನೆಲ್ಲಕ್ಕಿಯಂತೆ ಹಾಸಿ ಬಿದ್ದ ಗಂಡು ಹೂಗಳನ್ನು ಕಂಡು ಸಿಂಗಾರವೆಲ್ಲ ಉದುರಿಹೋಯಿತು ಎಂದು ಗಾಬರಿಯಾಗುವ ಹೊಸಬರು ಇದ್ದಾರೆ. ಅದು ಉದುರಬೇಕಾದದ್ದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ ತೋಟಗಳು ಹೂ ಬಿಡುವುದೂ ಫೆಬ್ರುವರಿಯಲ್ಲೇ. ಜಗತ್ತಿನ ಬಾದಾಮಿಯಲ್ಲಿ ಬಹುಪಾಲು ಅಲ್ಲಿಂದ ಬರುತ್ತದೆ. ಆ ಹೂವಿಗೆ ಜೇನು ಬೇಕೇಬೇಕು. ಅದಕ್ಕಾಗಿ ದೇಶದ ಮೂಲೆಮೂಲೆಯಿಂದ ಲಕ್ಷಾಂತರ ಜೇನುಪೆಟ್ಟಿಗೆಗಳನ್ನು ಲಾರಿಗಳಲ್ಲಿ ಬಾಡಿಗೆಗೆ ತರಿಸುತ್ತಾರೆ. ಎರಡು ಮೂರು ವಾರದ ಹೂಗಾಲದಲ್ಲಿ ಮಳೆಯೋ ಹಿಮವೋ ಬಂದರೆ ವರ್ಷದ ಬೆಳೆಗೇ ಕುತ್ತು. ನಮ್ಮ ಅಡಿಕೆ ಆ ವಿಷಯದಲ್ಲಿ ಉದಾರಿ. ಒಂದು ಸಿಂಗಾರ ಕೆಟ್ಟರೆ ಮುಂದಿನ ತಿಂಗಳು ಇನ್ನೊಂದು ಒಡೆಯುತ್ತದೆ. ವರ್ಷಕ್ಕೆ ಮೂರೋ ನಾಲ್ಕೋ ಅವಕಾಶ ಕೊಡುತ್ತದೆ. ಆದರೆ ಬಾದಾಮಿ ಬೆಳೆಯುವವನು ಆ ಮೂರು ವಾರ ಹಗಲುರಾತ್ರಿ ತೋಟದಲ್ಲೇ ಇರುತ್ತಾನೆ. ನಾವು ಮೂರು ತಿಂಗಳು ಮರದ ತಲೆ ನೋಡದೆ ಕಳೆಯುತ್ತೇವೆ.

ನೋಡುವುದೆಂದರೆ ಮೊದಲು ನೀರು. ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ನೀರಿನ ಮಾತೇಕೆ ಎಂದು ಹೊರಗಿನವರು ಕೇಳಬಹುದು. ಆ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಅಘನಾಶಿನಿ, ಬೇಡ್ತಿ, ವರದಾ ಹೊಳೆಗಳಲ್ಲಿ ಹರಿದು ಹೋಗುತ್ತದೆ. ಮರ ಹೂ ಬಿಡುವುದು ಒಣ ತಿಂಗಳಲ್ಲಿ. ಹಿಂದೆ ಇಲ್ಲಿನ ತೋಟಗಳು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ತಲೆಯ ಕಡೆ ಕೆರೆ, ನಡುವೆ ಹಳ್ಳ ಇರುವ ಜಾಗದಲ್ಲೇ ಇದ್ದುದು ಇದೇ ಕಾರಣಕ್ಕೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಪ್ರವಾಸ ಹೊರಟಿದ್ದ ಫ್ರಾನ್ಸಿಸ್ ಬುಕಾನನ್ 1801ರ ಮಾರ್ಚಿನಲ್ಲಿ ಯಲ್ಲಾಪುರ, ಸೋಂದಾ, ಶಿರಸಿಯ ದಾರಿಯಲ್ಲಿ ಬಂದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಇಲ್ಲಿನ ಅಡಿಕೆ, ಕಾಳುಮೆಣಸು, ಏಲಕ್ಕಿ ತೋಟಗಳ ವಿವರಣೆ ಇದೆ. ಅವನು ಬಂದದ್ದು ಸಿಂಗಾರದ ದಿನಗಳಲ್ಲೇ. ಆಗ ತೋಟದ ನೆಲ ಬೇಸಿಗೆಯಲ್ಲೂ ತೇವ ಹಿಡಿದಿಟ್ಟುಕೊಳ್ಳುತ್ತಿತ್ತು, ಮೇಲಿನ ಕಾಡು ನೀರು ಜಿನುಗಿಸುತ್ತಿತ್ತು. ಪಂಪ್‌ಸೆಟ್ ಇಲ್ಲದೆ ಇನ್ನೂರು ವರ್ಷ ಬಾಳಿದ ತೋಟಗಳು ಈಗ ಮಾರ್ಚ್ ಬಂದರೆ ಕೊಳವೆಬಾವಿಯ ಬಾಯಿ ನೋಡುತ್ತಿವೆ. 2023ರಲ್ಲಿ ಮುಂಗಾರು ಕೈಕೊಟ್ಟು, 2024ರ ಬೇಸಿಗೆಯಲ್ಲಿ ಬಾವಿಗಳ ತಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ನೀರು ಬೇಕು? ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಮತ್ತು 1956ರಲ್ಲಿ ಶುರುವಾದ ಅದರ ವಿಟ್ಲ ಕೇಂದ್ರ ಬಹುಕಾಲದಿಂದ ಕೊಡುತ್ತಿರುವ ಸಲಹೆ ಸ್ಪಷ್ಟವಾಗಿದೆ. ಬುಡಕ್ಕೆ ಹಾಯಿಸುವುದಾದರೆ ಒಂದು ಮರಕ್ಕೆ ಒಂದು ಸಲಕ್ಕೆ ಸುಮಾರು 175 ಲೀಟರ್. ಜನವರಿ, ಫೆಬ್ರುವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಈ ಅಂಕಿ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ತಗ್ಗಿನ ಜಿಗುಟು ಮಣ್ಣಿನ ತೋಟಕ್ಕೆ ಇಷ್ಟು ಬೇಡ, ಗುಡ್ಡದ ಓರೆಯಲ್ಲಿ ಹೊಸದಾಗಿ ಎಬ್ಬಿಸಿದ ತೋಟಕ್ಕೆ ಇದೂ ಸಾಲದು. ಹೊಸಬರು ಎಡವುವುದು ಇಲ್ಲಿ ಎರಡು ಬಗೆಯಲ್ಲಿ. ಒಂದು, ಫೆಬ್ರುವರಿವರೆಗೆ ತೇವ ಇದೆ ಎಂದು ಸುಮ್ಮನಿದ್ದು, ಸೋಗೆ ಜೋಲಿದ ಮೇಲೆ ನೀರು ಬಿಡುವುದು. ಆ ಹೊತ್ತಿಗೆ ಹೆಣ್ಣು ಹೂವಿನ ಕಾಲ ಒಂದು ಸುತ್ತು ಮುಗಿದಿರುತ್ತದೆ. ಎರಡು, ಪಂಪ್ ಇದೆ, ಕರೆಂಟ್ ಇದೆ ಎಂದು ಬುಡ ಕೆಸರಾಗುವಷ್ಟು ಹಾಯಿಸುವುದು. ಅಡಿಕೆಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬಸಿಗಾಲುವೆಯ ಹೂಳು ತೆಗೆಯದೆ ನೀರು ಹಾಯಿಸಿದರೆ ಬೇರು ಉಸಿರುಗಟ್ಟುತ್ತದೆ, ಎಲೆ ಹಳದಿಯಾಗುತ್ತದೆ, ಆಗ ಅದನ್ನು ಗೊಬ್ಬರದ ಕೊರತೆ ಎಂದು ತಿಳಿದು ಯೂರಿಯಾ ಸುರಿಯುವುದು ಶುರುವಾಗುತ್ತದೆ. ಬೇಸಿಗೆಯಲ್ಲಿ ಮಾಡಬೇಕಾದ ಅತಿ ಅಗ್ಗದ, ಅತಿ ಪ್ರಯೋಜನದ ಕೆಲಸವೆಂದರೆ ಗುದ್ದಲಿ ಹಿಡಿದು ಕಾಲುವೆ ಬಿಡಿಸುವುದು.

ಗೊಬ್ಬರದ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಹೇಳುವವರು ಊರಿಗೊಬ್ಬರಿದ್ದಾರೆ. ಫಲ ಕೊಡುವ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್, ಜೊತೆಗೆ ಹಸಿರುಸೊಪ್ಪು ಮತ್ತು ಕೊಟ್ಟಿಗೆಗೊಬ್ಬರ ತಲಾ 12 ಕಿಲೋ ಎಂಬುದು ಶಿಫಾರಸು. ರಾಸಾಯನಿಕವನ್ನು ಎರಡು ಕಂತು ಮಾಡಿ, ನೀರಿನ ಅನುಕೂಲ ಇದ್ದವರು ಒಂದನ್ನು ಫೆಬ್ರುವರಿಯಲ್ಲಿ ಕೊಡಬಹುದು. ಇಲ್ಲದವರು ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಕೊಟ್ಟರಾಯಿತು. ಮಣ್ಣು ಪರೀಕ್ಷೆ ಮಾಡಿಸದೆ ಚೀಲ ಖರೀದಿಸಬೇಡಿ. ಇನ್ನೊಂದು ಮಾತು, ಪೊಟ್ಯಾಶ್ ಬಿಟ್ಟು ಸಾರಜನಕವೊಂದನ್ನೇ ಕೊಟ್ಟ ಮರ ಹಸಿರಾಗಿ ಕಾಣುತ್ತದೆ, ರೋಗಕ್ಕೆ ಬೇಗ ಬಗ್ಗುತ್ತದೆ.

ಬಿಸಿಲಿನ ಕತೆ ಮಾತ್ರ ಸ್ವಲ್ಪ ಹೇಳಬೇಕು. ಮಧ್ಯಾಹ್ನ ಮೂರರ ಮೇಲಿನ ಬಿಸಿಲು ನೈರುತ್ಯದಿಂದ ಓರೆಯಾಗಿ ಬಂದು ಕಾಂಡಕ್ಕೆ ಬಡಿಯುತ್ತದೆ. ಮೊದಲು ಹೊಂಬಣ್ಣದ ಮಚ್ಚೆ, ಆಮೇಲೆ ಕಂದು, ಆಮೇಲೆ ಬಿರುಕು. ಒಮ್ಮೆ ಸುಟ್ಟ ಕಾಂಡ ಮತ್ತೆ ಮಾಯುವುದಿಲ್ಲ, ಹತ್ತು ವರ್ಷದ ಮೇಲೆ ಗಾಳಿಗೆ ಅಲ್ಲೇ ಮುರಿಯುತ್ತದೆ. ಹೊಸ ತೋಟ ಹಾಕುವಾಗ ಒಂಬತ್ತು ಅಡಿ ಅಂತರದ ಸಾಲನ್ನು ನೇರ ದಕ್ಷಿಣೋತ್ತರವಾಗಿ ಹೊಡೆಯದೆ ದಕ್ಷಿಣದ ತುದಿಯನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಬೇಕು ಎಂದು ಹೇಳುವುದು ಒಂದು ಮರ ಇನ್ನೊಂದಕ್ಕೆ ನೆರಳಾಗಲಿ ಎಂದು. ಈಗಾಗಲೇ ಇರುವ ತೋಟದಲ್ಲಿ ಪಶ್ಚಿಮದ ಅಂಚಿನ ಎಳೆಮರಗಳಿಗೆ ಸೋಗೆ, ಹಾಳೆ ಕಟ್ಟಿ. ಸುಣ್ಣ ಬಳಿದರೂ ನಡೆದೀತು. ದಂಡೆಯ ಹಲಸು, ಮುರುಗಲು, ಉಪ್ಪಾಗೆ ಮರಗಳನ್ನು ನೆರಳು ಬೀಳುತ್ತದೆ ಎಂದು ಕಡಿಸಿದ ಹೊಸಬರು ಮರುವರ್ಷವೇ ಅಂಚಿನ ಸಾಲಿನ ಅಡಿಕೆಯನ್ನು ಬಿಸಿಲಿಗೆ ಒಪ್ಪಿಸಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮಾರ್ಚ್ ಕಳೆದು ಏಪ್ರಿಲ್ ಬರುತ್ತಿದ್ದಂತೆ ಬುಡದಲ್ಲಿ ಎಳೆಕಾಯಿ ಕಾಣತೊಡಗುತ್ತವೆ. ಸಾಸಿವೆಗಿಂತ ದೊಡ್ಡದು, ನೆಲ್ಲಿಕಾಯಿಗಿಂತ ಸಣ್ಣದು. ಬೆಳಿಗ್ಗೆ ಹೋದರೆ ಹಿಡಿಗಟ್ಟಲೆ. ಇಲ್ಲಿ ಗಾಬರಿಯೂ ಬೇಡ, ಉದಾಸೀನವೂ ಬೇಡ. ಕಟ್ಟಿದ ಕಾಯಿಯನ್ನೆಲ್ಲ ಮರ ಸಾಕುವುದಿಲ್ಲ, ಒಂದಷ್ಟನ್ನು ತಾನೇ ಉದುರಿಸುತ್ತದೆ. ತಿಳಿಯಬೇಕಾದ್ದು, ಇದು ಮರ ಬಿಟ್ಟದ್ದೋ ಯಾರೋ ಕೆಡವಿದ್ದೋ ಎಂಬುದು. ಬಿದ್ದ ಕಾಯಿಯನ್ನು ಹೆಕ್ಕಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮೈಮೇಲೆ ಸೂಜಿ ಚುಚ್ಚಿದಂಥ ಗುರುತಿದೆಯೇ? ಕತ್ತರಿಸಿದರೆ ಒಳಗೆ ಕಪ್ಪು ಚುಕ್ಕೆ ಕಾಣುತ್ತದೆಯೇ? ಹಾಗಿದ್ದರೆ ಅದು ರಸ ಹೀರುವ ತಿಗಣೆಯ ಕೆಲಸ. ಇನ್ನು ಮೇಲೆ ನೋಡಿ. ಸಿಂಗಾರದ ಎಳೆಗಳು ತುದಿಯಿಂದ ಹಳದಿಯಾಗಿ, ಕಂದಾಗಿ, ಬುಡದವರೆಗೆ ಒಣಗುತ್ತ ಬಂದಿದ್ದರೆ ಅದು ಶಿಲೀಂಧ್ರ, ಕೃಷಿ ವಿಜ್ಞಾನಿಗಳು ಹಿಂಗಾರ ಒಣಗುವ ರೋಗ ಎನ್ನುವುದು ಅದನ್ನೇ. ಒಣಗಿದ ಎಳೆಯಲ್ಲಿ ಆ ಶಿಲೀಂಧ್ರ ಬೀಡುಬಿಟ್ಟಿರುತ್ತದೆ, ಒಣಗಿದ ಗೊಂಚಲನ್ನು ಕತ್ತರಿಸಿ ಸುಡದೆ ಮೇಲೆ ಔಷಧಿ ಹೊಡೆದರೆ ಅರ್ಧ ಕೆಲಸ. ಹೊಂಬಾಳೆ ಸರಿಯಾಗಿ ಬಿಚ್ಚದೆ, ಅದರ ಮೈಮೇಲೆ ಸಣ್ಣ ತೂತು, ಹಿಕ್ಕೆ, ಬಲೆಯಂಥ ನೂಲು ಕಂಡರೆ ಒಳಗೆ ಸಿಂಗಾರ ತಿನ್ನುವ ಹುಳು ಇದೆ ಎಂದರ್ಥ. ಅಂಥ ಹೊಂಬಾಳೆಯನ್ನು ಬಿಡಿಸಿ ಹುಳು ತೆಗೆಯಬೇಕು, ಪೂರ್ತಿ ಹಾಳಾಗಿದ್ದರೆ ಇಳಿಸಿ ಸುಡಬೇಕು. ಇಷ್ಟು ಗುರುತು ಕಲಿತವರು ಔಷಧಿ ತರಲು ಹೋದಾಗ ಅಂಗಡಿಯವನು ಕೊಟ್ಟ ಬಾಟಲಿ ತರುವುದಿಲ್ಲ, ತಮಗೆ ಬೇಕಾದದ್ದನ್ನು ಕೇಳಿ ತರುತ್ತಾರೆ. ಶಿರಸಿಯಲ್ಲೇ ತೋಟಗಾರಿಕಾ ಸಂಶೋಧನಾ ಕೇಂದ್ರ ಇದೆ. ಬಿದ್ದ ಕಾಯಿ, ಒಣಗಿದ ಎಳೆ, ಚುಕ್ಕೆಯ ಎಲೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮೊಬೈಲಿನ ಗುಂಪುಗಳಲ್ಲಿ ಫೋಟೊ ಹಾಕಿ ಹತ್ತು ಜನರ ಹತ್ತು ಮದ್ದು ಕೇಳುವುದಕ್ಕಿಂತ ಅದು ಲೇಸು.

ಎಲೆಚುಕ್ಕಿ ಈಗ ಎಲ್ಲರ ನಿದ್ದೆಗೆಡಿಸಿರುವ ರೋಗ. ಮಳೆಗಾಲದಲ್ಲಿ ಹಬ್ಬುವ ಇದು ಬೇಸಿಗೆಯಲ್ಲಿ ಅಡಗಿ ಕೂರುತ್ತದೆ, ಮಾಯವಾಗುವುದಿಲ್ಲ. ಚುಕ್ಕೆ ತುಂಬಿದ ಕೆಳಸೋಗೆ ಹಾಗೂ ಬುಡದಲ್ಲಿ ಬಿದ್ದ ಸೋಗೆಯನ್ನು ಮಳೆಗೆ ಮೊದಲೇ ತೆಗೆದು ಸುಟ್ಟರೆ ರೋಗದ ಬೀಜ ಅಷ್ಟು ಕಡಿಮೆ. ಆದರೆ ಕತ್ತಿ ಸಿಕ್ಕಿತೆಂದು ಹಸಿರು ಸೋಗೆಯನ್ನೆಲ್ಲ ಸವರಬೇಡಿ. ಸೋಗೆಯೊಂದು ಹೋದರೆ ಆ ಕಂಕುಳಿನ ಸಿಂಗಾರವನ್ನು ಸಾಕುವವರೇ ಇಲ್ಲ. ಅಕ್ಕಪಕ್ಕದ ನಾಲ್ಕು ತೋಟದವರು ಒಟ್ಟಾಗಿ ಮಾಡದಿದ್ದರೆ ಒಬ್ಬರ ಶ್ರಮ ವ್ಯರ್ಥ, ಗಾಳಿಗೆ ಬೇಲಿ ಗೊತ್ತಿಲ್ಲ.

ಕೊಳೆಗೆ ಸಿದ್ಧತೆ ಮಾಡಿಕೊಳ್ಳುವುದೂ ಬೇಸಿಗೆಯಲ್ಲೇ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಅದರ ಶಿಲೀಂಧ್ರವನ್ನು ವಿವರಿಸಿದರು. ಅಲ್ಲಿಯವರೆಗೆ ನಮ್ಮವರಿಗಿದ್ದ ರಕ್ಷಣೆ ಎಂದರೆ ಕೊನೆಗೆ ಮಳೆನೀರು ತಾಗದಂತೆ ಕರಡದ ಕೊಟ್ಟೆ ಕಟ್ಟುವುದು. ಅವರ ನಂತರ ಬೋರ್ಡೋ ದ್ರಾವಣ ಮನೆಮಾತಾಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಐವತ್ತು ಲೀಟರಿನಲ್ಲಿ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ಹೊಯ್ಯಬೇಕು. ಹದಕ್ಕೆ ಬಂತೇ ಎಂದು ನೋಡಲು ಹೊಳೆಯುವ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಜೂನ್ ಮೊದಲ ವಾರದಲ್ಲಿ ಎಲ್ಲರೂ ಒಮ್ಮೆಗೇ ಸುಣ್ಣಕ್ಕೂ ಮರ ಹತ್ತುವ ಕೊನೆಗೌಡನಿಗೂ ಓಡುತ್ತಾರೆ. ಹೊಸಬರ ಸರದಿ ಕೊನೆಗೆ ಬರುತ್ತದೆ. ಏಪ್ರಿಲ್‌ನಲ್ಲೇ ಸಾಮಾನು ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟರೆ ಆ ಪರದಾಟ ಇಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಸಿಂಪಡಿಸುವವರು ಹೆಚ್ಚಿದ್ದಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನು ಕಂಡವರು ಈ ದೋಟಿಯನ್ನು ದುಬಾರಿ ಎನ್ನಲಾರರು. ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ ಬರುತ್ತದೆ, ಆ ವಾರ ಆಳು ಸಿಗುವುದಿಲ್ಲ, ಸಿಗಲೂಬಾರದು. ಅದನ್ನೂ ಲೆಕ್ಕಕ್ಕೆ ಹಿಡಿದೇ ಕೆಲಸ ಹಂಚಿಕೊಳ್ಳಿ.

ಈವರೆಗೆ ಹೇಳಿದ್ದೆಲ್ಲ ತೋಟದ ಬೇಲಿಯ ಒಳಗಿನದು. ಆದರೆ ಈ ಮೂರು ತಾಲ್ಲೂಕಿನ ತೋಟ ಬೇಲಿಯ ಒಳಗೆ ಮುಗಿಯುವುದಿಲ್ಲ. ಪಕ್ಕದ ಗುಡ್ಡದ ಮೇಲೆ ಅದರ ಇನ್ನರ್ಧ ಇದೆ, ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಕಾಡೆಲ್ಲ ಸರ್ಕಾರದ್ದಾದಾಗ, ತೋಟಕ್ಕೆ ಸೊಪ್ಪು ಬೇಕೇಬೇಕು ಎಂಬ ಇಲ್ಲಿನವರ ವಾದಕ್ಕೆ ಮಣಿದು ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಕೊಟ್ಟರು. ನೆಲ ಸರ್ಕಾರದ್ದು, ಸೊಪ್ಪು, ದರಕು, ಮೇವಿನ ಹಕ್ಕು ತೋಟಿಗನದ್ದು. ಈ ಒಂಬತ್ತಕ್ಕೆ ಒಂದು ಎಂಬ ಲೆಕ್ಕವನ್ನು ಹೊಸಬರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಒಂದು ಎಕರೆ ಅಡಿಕೆ ನಿಲ್ಲಲು ಅಷ್ಟು ಕಾಡಿನ ಸಾರ ಬೇಕು ಎಂದು ಅನುಭವಿಗಳು ಆಗಲೇ ಕಂಡುಕೊಂಡಿದ್ದರು.

ಶಿಶಿರದಲ್ಲಿ ಬೆಟ್ಟದ ಮತ್ತಿ, ಹೊನ್ನೆ, ಕವಲು, ನಂದಿ ಎಲೆ ಉದುರಿಸುತ್ತವೆ. ಆ ದರಕನ್ನು ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುವುದು ಹಳೆಯ ಕ್ರಮ. ಈಗ ಹಲವರ ಕೊಟ್ಟಿಗೆಯಲ್ಲಿ ದನವಿಲ್ಲ, ಹೊರುವ ಆಳೂ ಇಲ್ಲ. ಆದರೂ ದರಕನ್ನು ನೇರವಾಗಿ ಅಡಿಕೆಯ ಬುಡಕ್ಕೆ ಹೊದಿಸಬಹುದು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಬರಿಯ ನೆಲದ ತೇವ ಎರಡು ದಿನದಲ್ಲಿ ಆರಿದರೆ ಹೊದಿಕೆಯ ಕೆಳಗಿನದು ಬಹಳ ಕಾಲ ಉಳಿಯುತ್ತದೆ. ಎರೆಹುಳು ಮೇಲೆ ಬರುತ್ತದೆ, ಬೇರು ತಂಪಾಗಿರುತ್ತದೆ. ತೋಟದಲ್ಲೇ ಬೀಳುವ ಸೋಗೆ, ಹಾಳೆ, ಬಾಳೆಯ ಕಂದು ಎಲ್ಲವೂ ಹೊದಿಕೆಯೇ. ರೋಗದ ಸೋಗೆ ಬಿಟ್ಟು ಉಳಿದದ್ದನ್ನು ಕಸವೆಂದು ಗುಡಿಸಿ ಸುಡುವುದು, ತೋಟ ಅಂಗಳದಂತೆ ಚೊಕ್ಕ ಕಾಣಬೇಕೆನ್ನುವುದು ಪೇಟೆಯಿಂದ ಬಂದ ಅಭ್ಯಾಸ. ಚೊಕ್ಕ ತೋಟಕ್ಕೆ ನೀರು ಹೆಚ್ಚು ಬೇಕು.

ದರಕಿಗೆ ಹೋಗುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಸಿದ್ದಾಪುರ ತಾಲ್ಲೂಕನ್ನು ಇತ್ತೀಚಿನ ವರ್ಷಗಳಲ್ಲಿ ಬಹಳ ಕಾಡಿದೆ, ಜೀವಗಳನ್ನೂ ತೆಗೆದುಕೊಂಡಿದೆ. ಹರಡುವುದು ಉಣುಗಿನಿಂದ. ಅದರ ಎಳೆಯ ಮರಿಗಳು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು, ಇರುವುದು ಇದೇ ಒಣ ದರಕಿನಲ್ಲಿ. ಮೈತುಂಬ ಬಟ್ಟೆ, ಕಾಲಿಗೆ ಬೂಟು, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು ಇವಿಷ್ಟು ತಪ್ಪಬಾರದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ದರಕು ತರಲು ಕೂಲಿಯವರನ್ನು ಕಳಿಸುವವರು ಅವರಿಗೂ ಎಣ್ಣೆ ಕೊಟ್ಟೇ ಕಳಿಸಬೇಕು. ಇದರಲ್ಲಿ ಯಜಮಾನ, ಆಳು ಎಂಬ ಭೇದ ಸಲ್ಲದು.

ಬೆಟ್ಟದ ಪ್ರಶ್ನೆ ಸೊಪ್ಪಿನೊಂದಿಗೂ ಮುಗಿಯುವುದಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಸೆದುಕೊಂಡ ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಅಪ್ಪಿಕೊಂಡವರಲ್ಲಿ ಬಹಳಷ್ಟು ಜನ ತೋಟ, ಗದ್ದೆ ಇದ್ದವರೇ. ಮೇಲಿನ ಕಾಡು ಹೋದರೆ ಕೆಳಗಿನ ಹಳ್ಳ ಬತ್ತುತ್ತದೆ ಎಂಬುದು ಅವರಿಗೆ ಹೊಟ್ಟೆಪಾಡಿನ ಸತ್ಯವಾಗಿತ್ತು. ಅದೇ ನೆಲದಲ್ಲಿ ಇವತ್ತು ನಾವು ಬೆಟ್ಟವನ್ನು ಬೋಳಿಸಿ ಅಲ್ಲಿಗೂ ಅಡಿಕೆ ಏರಿಸುತ್ತಿದ್ದೇವೆ, ಕೆಳಗೆ ಭತ್ತದ ಗದ್ದೆಗೂ ಅಡಿಕೆ ಇಳಿಸುತ್ತಿದ್ದೇವೆ. ಬಯಲುಸೀಮೆಯ ಜಿಲ್ಲೆಗಳಲ್ಲೂ ಅಡಿಕೆ ಹಬ್ಬುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು ಮಾರುಕಟ್ಟೆಯ ಮೇಲೆ ತೂಗುವ ಕತ್ತಿಯಾಗಿಯೇ ಉಳಿದಿದೆ. ಇಂಥ ಹೊತ್ತಿನಲ್ಲಿ ಹೊಸಬರು ಮೊದಲ ವರ್ಷವೇ ಇನ್ನೆರಡು ಎಕರೆ ವಿಸ್ತರಿಸುವ ಯೋಚನೆ ಮಾಡುವುದನ್ನು ನಾನು ಒಪ್ಪಲಾರೆ. ಇ‌ರುವ ಎಕರೆಯಲ್ಲೇ ಕಾಳುಮೆಣಸಿನ ಬಳ್ಳಿ ಸತ್ತ ಮರಗಳೆಷ್ಟು, ಏಲಕ್ಕಿಗೆ ಹೊಂದುವ ತಂಪು ಮೂಲೆ ಯಾವುದು, ಬಾಳೆ ಎಲ್ಲಿ ಬೇಕು ಎಂದು ನೋಡಿ. ಮೆಣಸಿನ ಕರೆಯಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಕೊಯ್ಯುವ ಕೆಲಸವೂ ಇದೇ ತಿಂಗಳುಗಳಲ್ಲಿ ಬರುತ್ತದೆ. ಅಡಿಕೆಯ ದರ ಕುಸಿದ ವರ್ಷಗಳಲ್ಲಿ ಮನೆಯನ್ನು ನಿಲ್ಲಿಸಿದ್ದು ಈ ಬಳ್ಳಿಯೇ.

ಕಲಿಯುವುದು ಎಲ್ಲಿ ಎಂದು ಕೇಳುವವರಿಗೆ ಎರಡು ಮಾತು. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರೇ ಕೃಷಿಕರಿಗಾಗಿ ಬರೆಯುತ್ತಾರೆ. ಹಳೆಯ ಸಂಚಿಕೆ ಸಿಕ್ಕರೆ ಬಿಡಬೇಡಿ. ಅದಕ್ಕಿಂತ ಹತ್ತಿರದ ಗುರು ನಿಮ್ಮ ತೋಟದಲ್ಲಿ ಮೂವತ್ತು ವರ್ಷ ಕೊನೆ ಇಳಿಸಿದ ಕೊನೆಗೌಡ. ಯಾವ ಮರ ವರ್ಷ ಬಿಟ್ಟು ವರ್ಷ ಕಾಯುತ್ತದೆ, ಯಾವುದಕ್ಕೆ ಕೊಳೆ ಮೊದಲು ಹತ್ತುತ್ತದೆ, ಬೀಜದ ಗೋಟಿಗೆ ಯಾವ ಮರ ಒಳ್ಳೆಯದು ಎಂಬುದು ಅವನಿಗೆ ಗೊತ್ತಿರುವಷ್ಟು ನಿಮ್ಮ ಅಪ್ಪನಿಗೂ ಗೊತ್ತಿರಲಾರದು, ಏಕೆಂದರೆ ಆ ಮರದ ತಲೆ ಮುಟ್ಟಿದವನು ಅವನು. ಅವನನ್ನು ಕೂರಿಸಿ ಕೇಳಿ, ಬರೆದಿಟ್ಟುಕೊಳ್ಳಿ. ಆ ಪೀಳಿಗೆಯವರಿಗೂ ಈಗ ವಯಸ್ಸಾಗಿದೆ.

ಕಡೆಯದಾಗಿ ಒಂದು ವಿನಂತಿ. ಈ ಮೇ ಮುಗಿಯುವುದರೊಳಗೆ ಉಣುಗಿನ ಎಣ್ಣೆ ಹಚ್ಚಿಕೊಂಡು ನಿಮ್ಮ ತೋಟಕ್ಕೆ ಸೇರಿದ ಬೆಟ್ಟದ ಗಡಿಯನ್ನು ಪೂರ್ತಿ ಸುತ್ತಿ ಬನ್ನಿ. ಎಲ್ಲಿ ಬೋಳಾಗಿದೆ, ಎಲ್ಲಿ ಮಣ್ಣು ಕೊಚ್ಚಿಹೋಗಿದೆ ಎಂದು ಗುರುತು ಮಾಡಿಕೊಳ್ಳಿ. ಅಲ್ಲಿ ಒಂದಿಷ್ಟು ಇಂಗುಗುಂಡಿ ತೆಗೆಸಿ, ಮೊದಲ ಮಳೆ ಬಿದ್ದ ಕೂಡಲೇ ಮತ್ತಿ, ಕವಲು, ನೇರಳೆ, ಉಪ್ಪಾಗೆ ಸಸಿಗಳನ್ನು ನೆಡಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿಗೆ ಈಗಲೇ ಹೇಳಿಡಿ.